ರೈಟ್, ಹೋಲ್ಡಾನ್

ಹನ್ನೊಂದು ದಿನವಾಯಿತು.
ಟಿಕೆಟ್ ಚೀಲದ ಒಳಜೇಬಿನಲ್ಲಿ,
ಹರಿದ ಹತ್ತರ ನೋಟುಗಳ ಹಿಂದೆ,
ಹತ್ತು ಗುಳಿಗೆಯ ಒಂದು ಪಟ್ಟಿ.
ರಾತ್ರಿ ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ
ಅದನ್ನೂ ಎಣಿಸುತ್ತೇನೆ: ಹತ್ತು.
ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕೇನೋ ಎಂಬಂತೆ.

ದಾವಣಗೆರೆ, ಚಿತ್ರದುರ್ಗ, ಮತ್ತೆ ದಾವಣಗೆರೆ.
ಆನಗೋಡು, ಹೆಬ್ಬಾಳು ಟೋಲು, ಭರಮಸಾಗರ.
ಎಲ್ಲಿಗೆ? ನಿಮಗೆಲ್ಲಿಗೆ? ಅಜ್ಜಾ, ಎಲ್ಲಿಗೆ?
ಕೇಳುತ್ತ ಕೇಳುತ್ತ ಹಿಂದಿನ ಸೀಟು ಮುಟ್ಟಿ
ಕಂಬ ಹಿಡಿದು ನಿಂತಾಗ
ಅದೇ ಮಾತು ನನ್ನತ್ತ ತಿರುಗುತ್ತದೆ.
ಊರ ಹೆಸರು ಹೇಳದವರಿಗೆ
ಮಶಿನ್ನು ಟಿಕೆಟ್ ಕೊಡುವುದಿಲ್ಲ.

ಅಳು ಬರುತ್ತಿರಲಿಲ್ಲ. ಬಂದಿದ್ದರೆ ಚೆನ್ನಿತ್ತು.
ಮಿರ್ಚಿಯಲ್ಲಿ ಖಾರ ಹೋಗಿತ್ತು,
ಮಂಡಕ್ಕಿ ಬಾಯಲ್ಲಿ ಬರೀ ಸದ್ದು.
ಮಗಳು ಓಟದಲ್ಲಿ ಎರಡನೇ ಬಹುಮಾನ ತಂದ ದಿನ
"ಹೌದಾ" ಅಂದೆ.
ಅವಳ ಮುಖ ಆರಿದ್ದನ್ನು ಕಣ್ಣಾರೆ ಕಂಡೆ,
ಕಂಡೂ ನನಗೇನೂ ಆಗಲಿಲ್ಲ.
ಮರುದಿನ ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಮಾಡಿಸಿದೆ.

ಹೊರಗೆ ಪಾಳಿ ಉದ್ದವಿತ್ತು.
ಡಾಕ್ಟರ್ ನಫೀಸಾ ಬಾಗಿಲ ಕಡೆ ನೋಡಲಿಲ್ಲ.
"ಬರೀ ಮಾತುಕತೆಯಿಂದಲೂ ಕೆಲವರು ಮೇಲೇಳ್ತಾರೆ.
ನಿಮಗೆ ಐದು ತಿಂಗಳಾಗಿದೆ, ಏಳು ಕೇಜಿ ಇಳಿದಿದ್ದೀರಿ,
ಗುಳಿಗೆಯೂ ಜೊತೆಗಿರಲಿ ಅಂತ ನನ್ನ ಅಂದಾಜು.
ಆದರೆ ನುಂಗೋರು ನೀವು."
ಮೊದಮೊದಲು ಹೊಟ್ಟೆ ತೊಳಸಬಹುದು.
ಗುಣ ಕಾಣಲು ನಾಲ್ಕು ವಾರ, ಕೆಲವರಿಗೆ ಆರು.
ತಟ್ಟನೆ ಬಿಡಬಾರದು.
ಮನಸ್ಸು ಇನ್ನೂ ಕೆಟ್ಟ ಕಡೆ ವಾಲಿದರೆ
ಅವತ್ತೇ ಬರಬೇಕು, ಪಾಳಿ ಹಚ್ಚದೆ.
"ತಿಂದ ಮೇಲೆ ನಾನು ನಾನಾಗೇ ಇರ್ತೀನಾ ಮೇಡಂ?"
"ಈಗ ಇದ್ದೀರಾ?" ಅಂದರು.
ಅಂದವರೇ, "ಛೇ, ಹಾಗೆ ಕೇಳಬಾರದಿತ್ತು" ಎಂದು
ನೀರಿನ ಲೋಟ ನನ್ನ ಕಡೆ ಸರಿಸಿದರು.

ಅತ್ತಿಗೆ: "ಅದು ಹುಚ್ಚರ ಗುಳಿಗಿ, ಹಿಡಿದರೆ ಬಿಡಂಗಿಲ್ಲ."
ಡಿಪೋದ ಸಾವಕ್ಕ, ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು:
"ಮೊದಲನೇದು ನನಗೆ ಒಗ್ಗಲಿಲ್ಲ, ಬದಲಿಸಿದ್ರು.
ಎರಡು ವರ್ಷ ತಗಂಡೆ. ಸ್ವಲ್ಪ ದಪ್ಪಾದೆ. ಅದೀನಲ್ಲ."
ಡ್ರೈವರ್ ಪಾಲಾಕ್ಷಪ್ಪನವರಿಗೆ ನಾನೇನೂ ಹೇಳಿಲ್ಲ,
ಹೇಗೋ ಗೊತ್ತು. ಬೀಪಿ ಗುಳಿಗೆ ಚಾಕ್ಕೆ ನುಂಗಿ,
"ಎಂಟು ವರ್ಷಾತು, ನೀ ಪಾಲಾಕ್ಷಪ್ಪನೇ ಹೌದಾ ಅಂತ
ಯಾರೂ ಕೇಳಿಲ್ಲ ನೋಡವ್ವಾ."
ಬೀಪಿಗೆ ಯಂತ್ರ ಇದೆ ಅಣ್ಣಾ,
ತೋಳಿಗೆ ಕಟ್ಟಿ ಅಂಕಿ ಓದಬಹುದು.
ಇದಕ್ಕೆ ಯಾವ ಅಂಕಿ?

ನಿಜ ಹೇಳಬೇಕೆಂದರೆ
ಗುಳಿಗೆ ಕೆಲಸ ಮಾಡದಿದ್ದರೆ ಎಂಬ ಭಯ ಚಿಕ್ಕದು.
ಮಾಡಿಬಿಟ್ಟರೆ?
ಇಷ್ಟು ದಿನ ಹಲ್ಲು ಕಚ್ಚಿ ನಿಂತದ್ದೆಲ್ಲ
ಸಾಸಿವೆಯಷ್ಟು ಬಿಳಿಪುಡಿಗೆ ಸಮವಾದರೆ?

ದುರ್ಗ ಹತ್ತಿರವಾದಂತೆ ಗುಡ್ಡದ ಮೇಲೆ ಗಾಳಿಗಿರಣಿಗಳು.
ಎಲ್ಲಕ್ಕೂ ಒಂದೇ ಗಾಳಿ, ಆದರೂ ಒಂದೆರಡು
ರೆಕ್ಕೆ ಚಾಚಿ ಸುಮ್ಮನೆ ನಿಂತಿರುತ್ತವೆ.
ಅವುಗಳ ಬುಡದಲ್ಲಿ ನಿಂತು ಯಾರೂ
"ಮನಸ್ಸು ಗಟ್ಟಿ ಮಾಡ್ಕೋ" ಎಂದು ಕೂಗುವುದಿಲ್ಲ.
ಒಳಗಿನ ಏಣಿ ಹತ್ತುತ್ತಾರೆ, ಸ್ಪ್ಯಾನರ್ ಹಿಡಿದು.
ಸರಿಹೋಗದಿದ್ದರೆ
ಇನ್ನೊಂದು ಸಲ ಹತ್ತುತ್ತಾರೆ.

ಇವತ್ತು ಭರಮಸಾಗರದಲ್ಲಿ ಪಟ್ಟಿ ಒಡೆದೆ.
ಕಹಿ. ಸ್ವಲ್ಪ ಸೀಮೆಸುಣ್ಣ.
ಸೀಟಿ ಊದಿ "ರೈಟ್" ಅಂದೆ.
ರೈಟ್ ಅಂದರೆ ಸರಿ ಅಂತಲ್ಲ,
ಸರಿಯೋ ತಪ್ಪೋ ಯಾರಿಗೆ ಗೊತ್ತು,
ಹೊರಡೋಣ ಅಂತ.
ಹೋಲ್ಡಾನ್ ಅನ್ನುವ ಬಾಯಿಯೂ ನನ್ನದೇ.

ದುರ್ಗ ಬಂತು. ಏನೂ ಆಗಲಿಲ್ಲ.
ಇಳಿಯುವಾಗ ಒಬ್ಬಾಕೆ ಎರಡು ರೂಪಾಯಿ ಚಿಲ್ಲರೆಗೆ ಜಗಳ ತೆಗೆದಳು,
ನಾನೂ ಬಿಡಲಿಲ್ಲ.

ರಾತ್ರಿ ಡಿಪೋದಲ್ಲಿ ಎಣಿಸಿದೆ:
ಒಂಬತ್ತು.
ಕೌಂಟರಿನವ ಏನೂ ಕೇಳಲಿಲ್ಲ.