ಮಾನ್ಯರೇ

ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಹತ್ತು ನಿಮಿಷ ನಿಲ್ಲುತ್ತಿತ್ತು.
ಏಪ್ರಿಲ್ ತಿಂಗಳು. ನನಗೆ ಒಂಬತ್ತು ವರ್ಷ,
ಕೈಯಲ್ಲಿ ಹಿತ್ತಾಳೆ ಚೊಂಬು,
ಹಿಂದೆ ಕೊಡ ಹೊತ್ತ ಸೋದರತ್ತೆ ಹಾಲಮ್ಮ.
ಕಿಟಕಿ ಸರಳುಗಳ ನಡುವಿನಿಂದ ಕೈಗಳು ಬರುತ್ತಿದ್ದವು:
ಬಳೆಯ ಕೈ, ಬೀಡಿ ವಾಸನೆಯ ಕೈ,
ಮಗುವಿನ ಹಾಲಿನ ಶೀಷೆ ಹಿಡಿದ ಕೈ.
ಮುಖ ನೋಡುವಷ್ಟರಲ್ಲಿ ಸೀಟಿ.
"ಯಾರಿಗೆ ಕೊಟ್ಟೆ ಅಂತ ಎಣಿಸಬೇಡ್ವೇ,
ಕೊಡ ಖಾಲಿಯಾಯ್ತಾ, ಅದನ್ನ ನೋಡು"
ಅಂದಳು ಅತ್ತೆ.
ನಾನು ಓದಿದ ರಾಜ್ಯಶಾಸ್ತ್ರ ಅಷ್ಟೇ.

ಆಮೇಲಿನದು ತಾನಾಗಿ ಹಿಂದೆ ಬಂತು, ಬೀದಿ ನಾಯಿಮರಿಯ ಹಾಗೆ.
ನಡುರಾತ್ರಿ ನೋವು ಬಂದವರ ಜೊತೆ ಹಾಸನದ ಆಸ್ಪತ್ರೆಗೆ,
ಹಳಿಯ ಮೇಲೆ ಸಿಕ್ಕ ಅನಾಥ ಹೆಣಕ್ಕೆ ಬಿಳಿ ಬಟ್ಟೆಗೆ,
ತಾಲ್ಲೂಕು ಕಚೇರಿಯ ಬೇವಿನ ಮರದಡಿ ಅರ್ಜಿಗೆ.
ವಿಧವಾ ವೇತನ, ಪಡಿತರ, ಖಾತೆ ಬದಲಾವಣೆ.
ದುಡ್ಡು ಚಾಚಿದವರಿಗೆ, ಒಂದು ರೀಫಿಲ್ ತಂದುಕೊಡಿ ಅಂದೆ.
ಎಷ್ಟು ರೀಫಿಲ್ಲೋ, ಲೆಕ್ಕ ಇಡಲಿಲ್ಲ.

ನಮ್ಮ ಬೀದಿಯ ನಲ್ಲಿಗೆ ಬರೆದದ್ದು ಮಾತ್ರ ಬಾಯಿಪಾಠ:
"ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,
ರೈಲ್ವೆ ಗೇಟಿನ ಆಚೆಗಿನ ನಾವೂ ಇದೇ ಊರಿನವರು."
ಇದೇ ಊರಿನವರು ಅನ್ನೋದು ತೆಗೀರಿ, ಅರ್ಜಿಗೆ ಒಪ್ಪಲ್ಲ
ಅಂದ ಗುಮಾಸ್ತ.
ನಾನು ತೆಗೆಯಲಿಲ್ಲ.
ನೀರೂ ಬರಲಿಲ್ಲ.

ವಾರ್ಡು ಮಹಿಳೆಗೆ ಅಂತ ಪ್ರಕಟವಾದ ದಿನ
ಗಂಡಸರೆಲ್ಲ ಹೆಂಡತಿಯರ ಆಧಾರ್ ಕಾರ್ಡು ಹುಡುಕತೊಡಗಿದರು.
ನನ್ನವನು ಲಾರಿ ಟಾರ್ಪಾಲು ಹೊಲಿಯುವವನು,
ದಬ್ಬಳದಿಂದ ಕಣ್ಣೆತ್ತದೆ ಅಂದ:
"ನಿಂತ್ಕೋ.
ಹೆಂಗೂ ಮೂವತ್ತು ವರ್ಷದಿಂದ ನಿಂತೇ ಇದ್ದೀಯ."

ಪಕ್ಷೇತರ. ಚಿಹ್ನೆಗೆ ನಲ್ಲಿ ಕೇಳಿದೆ.
ಚೀಟಿ ಎತ್ತಿದಾಗ ನಲ್ಲಿ ಎದುರಾಳಿಗೆ ಹೋಯಿತು,
ನನಗೆ ಬಂದದ್ದು ಟೋಪಿ.
ಹಾಕ್ತಾಳೆ ನೋಡ್ಕಳಿ ಎಲ್ಲರಿಗೂ, ಎಂದು ಮೈಕಿನಲ್ಲಿ ಕೂಗಿದರು.
ಹುಡುಗರು ಮಾತ್ರ ಪೇಪರಿನ ಟೋಪಿ ಮಡಚಿ ಹಾಕಿಕೊಂಡು
ಕೊಬ್ಬರಿ ಮಂಡಿಯವರೆಗೂ ಓಡಿದರು.
ದಸ್ತಗೀರರ ಮನೆಯ ಅಜ್ಜಿ ಬಾಗಿಲಲ್ಲೇ ತಡೆದಳು:
"ಓಟು ಆಮೇಲೆ. ಮೊದಲು ಈ ಪಾಸ್‌ಬುಕ್ ಓದು."
ಓದಿದೆ. ಇನ್ನೂರ ಆರು ರೂಪಾಯಿ ಇತ್ತು.
ಓಟು ಕೇಳುವುದು ಮರೆತು ಮನೆಗೆ ಬಂದೆ.

ಹನ್ನೊಂದು ಮತದಲ್ಲಿ ಗೆದ್ದೆ.
ಒಂದು ಮನೆಯವರು ಅವತ್ತು ಮದುವೆಗೆ ಹೋಗಿದ್ದರೆ ಸೋಲುತ್ತಿದ್ದೆ.
ಆ ರಾತ್ರಿ ನಿದ್ದೆ ಇಲ್ಲದೆ
ಹನ್ನೊಂದು ಯಾರ್‍ಯಾರು ಎಂದು ಬೆರಳು ಮಡಚುತ್ತಾ
ಏಳಕ್ಕೆ ಬಂದವಳು ಸರಕ್ಕನೆ ಕೈ ಬಿಚ್ಚಿದೆ,
ಅತ್ತೆ ಎಲ್ಲೋ ಗದರಿದ ಹಾಗಾಗಿ.

ಬೆಳಗಾಗುವಷ್ಟರಲ್ಲಿ "ಅಕ್ಕ" ಹೋಗಿ "ಮೇಡಂ" ಆಗಿತ್ತು.
ಮೊದಲ ಸಭೆಯಲ್ಲಿ ಅಧ್ಯಕ್ಷರ ಕಾರಿನ ಬಣ್ಣಕ್ಕೆ ಒಂದೂವರೆ ಗಂಟೆ.
ನೀರಿನ ವಿಷಯ ಕೊನೆಯದು, ಊಟಕ್ಕೆ ಎದ್ದರು.
ಹಿಂದೆ ಚರಂಡಿ ಕಟ್ಟಿದರೆ ಹಾರೆ ತಂದು
ಚಪ್ಪಡಿ ಎತ್ತುತ್ತಿದ್ದೆ;
ಈಗ ಎತ್ತಲು ಹೋದರೆ, ನಿಮಗ್ಯಾಕೆ ಮೇಡಂ, ಟೆಂಡರ್ ಆಗಲಿ.

ಮೊನ್ನೆ ಮೇಜಿನ ಮೇಲೊಂದು ಅರ್ಜಿ.
ದುಂಡಗಿನ, ಯಾವುದೋ ಹುಡುಗಿಯ ಅಕ್ಷರ.
ಬೇವಿನ ಮರದಡಿ ಈಗ ಕೂರುವುದು ಷಾಹಿನಾ,
ಪಿಯುಸಿ ಓದುತ್ತಾಳಂತೆ.
"ಮಾನ್ಯರೇ" ಎಂದು ಓದಿ
ಯಾರಿಗಿದು ಎಂದು ಹಿಂದೆ ತಿರುಗಿ ನೋಡಿದೆ.
ಗೋಡೆ ಇತ್ತು.
ಕೆಳಗೆ ಅದೇ ಸಾಲು, ಒಂದಕ್ಷರ ಬಿಡದೆ:
ನಾವೂ ಇದೇ ಊರಿನವರು.
ಅದೇ ಗುಮಾಸ್ತ, ತಲೆ ನರೆತಿದೆ, ಮೆಲ್ಲಗೆ ಅಂದ:
"ಪರಿಶೀಲಿಸಲಾಗುವುದು ಅಂತ ಬರೆದು ಸಹಿ ಹಾಕಿ, ಸಾಕು."

ಸಹಿ ಹಾಕದೆ ಚೀಲಕ್ಕೆ ತುರುಕಿಕೊಂಡು ಬಂದೆ.
ಗೇಟು ಬಿದ್ದಿತ್ತು.
ಉದ್ದನೆಯ ಗಾಡಿ, ಎಲ್ಲ ಗಾಜಿನ ಕಿಟಕಿ,
ಒಂದು ಕೈಯೂ ಹೊರಗೆ ಬರಲಿಲ್ಲ.
ಆಚೆ ಬದಿ ನಮ್ಮ ಬೀದಿಯ ಹೆಂಗಸರು,
ಸೊಂಟದ ಮೇಲೆ ಪ್ಲಾಸ್ಟಿಕ್ ಕೊಡ,
ಡಬ್ಬಿ ಡಬ್ಬಿಯ ಸಂದಿಯಲ್ಲಿ ಕಂಡು, ಮರೆಯಾಗಿ, ಕಂಡು.
ಈ ಸಲ ಮುಖಗಳು ಕಾಣುತ್ತಿದ್ದವು.
ಗೇಟು ಎದ್ದಾಗ ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದ:
"ಮೇಡಂ, ನಡೀರಿ ಮುಂದೆ."