ಹೆದೆ

ಯಾಖ್ಶಿಮುಸಿಜ್.
ಹಂಗಂದ್ರ, ಆರಾಮ ಅದೀರಿ?
ಮೊದಲ ದಿನ ನನಗ ಅದು ಸೀನು ಕೇಳಿಸಿದಂಗ ಕೇಳಿಸ್ತು.
ನೂರು ವರ್ಷ ಬಾಳವ್ವ, ಅಂದುಬಿಟ್ಟೆ.

ಮದೀನಾದಾಗ, ಏಳನೇ ಮಾಳಿಗಿ ಖೋಲ್ಯಾಗ,
ಒಂದೇ ಕೆಟಲಿಗೆ ಮೂರು ದೇಶದ ಹೆಂಗಸರು.
ಆಕಿ ಹೆಸರು ತೋಖ್ತಿಖಾನ್. ಹುಟ್ಟಿದ್ದು ಖೋತನ್,
ಈಗ ಇರೋದು ಇಸ್ತಾಂಬುಲ್.
ಊರಿನ ಮಾತು ಬಂದ್ರ ಸಾಕು
ಕೆಟಲ್ ಕುದಿಯೋದನ್ನ ನೋಡಾಕ ಹತ್ತತಿದ್ಲು.

ತೋಖ್ತಿ ಅಂದ್ರ "ನಿಂತಿತು".
ಆಕಿಗಿಂತ ಮೊದಲಿನವು ನಿಲ್ಲಲಿಲ್ಲಂತ.
ಮೂರು ಬೆರಳು ಎತ್ತಿದ್ಲು, ಒಂದೊಂದಾಗಿ ಮಡಚಿದ್ಲು.
ನನಗ ನಮ್ಮ ಓಣಿ ತಿಪ್ಪವ್ವ ನೆನಪಾದ್ಲು,
ತಿಪ್ಪಿ ಮ್ಯಾಲ ಉರುಳಿಸಿ, ಸಾವಿಗೇ ಹೇಸಿಗಿ ಹುಟ್ಟಿಸಿ
ಉಳಿಸಿಕೊಂಡ ಕೂಸು.
ಹೇಳಬೇಕಂದ್ರ ಮಾತಿಲ್ಲ.
ಮಡಚಿದ ಬೆರಳು ಹಂಗ ಹಿಡಕೊಂಡು ಕುಂತೆ.

ಅಂಗಡಿ ಬಾಕಿ ವಹಿ ನನ್ನ ಚೀಲದಾಗಿತ್ತು.
ಗಾದಿ ಒಂದು, ತಲೆದಿಂಬು ನಾಕು, ಮುನ್ನೂರು ಬಾಕಿ.
ಅದರ ಕೆಳಗ ಕನ್ನಡದಾಗ ಬರದೆ:
ಸು, ನೀರು. ತುಜ್, ಉಪ್ಪು. ನಾನ್, ರೊಟ್ಟಿ.
ಪಿಯಾಜ್, ಉಳ್ಳಾಗಡ್ಡಿ.
ಇದೊಂದಕ್ಕ ಇಷ್ಟು ದೂರ ಬರಬೇಕಿರಲಿಲ್ಲ ಬಿಡು.

ಬಳಗದ ಹೆಸರಿಗೆ ಬಂದಾಗ ಎಲ್ಲಾ ಬುಡಮೇಲು.
ಅಪಾ ಅಂದ್ರ ಅವ್ವ.
ಅಕಾ ಅಂದ್ರ ಅಣ್ಣ.
ಅನಾ ಅಂದ್ರ ಮತ್ತ ಅವ್ವನ!
ನಮ್ಮ ಮನಿ ಮಂದಿನ್ನೆಲ್ಲ ಕರೆಂಟ್ ಹೋದ ಹೊತ್ತಿನಾಗ
ಯಾರೋ ಅದಲು ಬದಲು ಹಾಸಿಗ್ಯಾಗ ಮಲಗಿಸಿದಂಗ.
"ಬಾಲಾ" ಒಂದು ಮಾತ್ರ ಜಾಗಾ ಬಿಟ್ಟಿರಲಿಲ್ಲ,
ಅಲ್ಲೂ ಕೂಸು, ಇಲ್ಲೂ ಕೂಸು.

ಅಕ್ಕಗ ಏನಂತೀರಿ?
"ಅಚಾ" ಅಂದ್ಲು.
ಕಿಟಕಿ ಕಡೆ ಕುಂತ ಗುಲ್ಜಾದಾಕಿ ನಕ್ಕು ತಿದ್ದಿದ್ಲು:
ಅಚಾ ಅಲ್ಲ, ಹೆದೆ.
ಮತ್ತ ಇವರಿಬ್ಬರಿಗೇ ಹತ್ತಿತು,
ಖೋತನದವರು ಮಾತಿನ ಬಾಲ ನುಂಗತಾರಂತ ಆಕಿ ಅಣಕಿಸಿ ತೋರಿಸಿದ್ಲು.
ತೋಖ್ತಿಖಾನ್ ನುಂಗಿದ್ದು ಮಾತಲ್ಲ.

ಆ ನಗಿ ನಾ ಬಲ್ಲೆ.
ನಮ್ಮ ತಂಡದಾಗಿನ ಹೈದರಾಬಾದಿನ ಬೇಗಮ್ಮರು
ನನ್ನ ಉರ್ದು ಕೇಳಿ ದುಪಟ್ಟಾ ಬಾಯಿಗಿಟ್ಟುಕೊಂಡಿದ್ರು,
ಪಿಂಜಾರರ ಉರ್ದು, ಹತ್ತಿ ಹತ್ತಿ ಅಂತ.
ಕನ್ನಡಕ್ಕ ಹೋದ್ರ ಬೆಂಗಳೂರಿನಾಕಿ ಕಾಯಕೊಂಡಿದ್ಲು,
"ಬ್ಯಾಡ ಅಲ್ಲ ಆಂಟಿ, ಬೇಡ."

ಹೆದೆ!
ನಮ್ಮಪ್ಪ ಬಿಲ್ಲಿಗೆ ಬಿಗೀತಿದ್ದ ನರ ಅದು.
ಅದು ಝಂಯ್ ಅಂದ್ರ ಇಡೀ ಓಣಿಗೆ ಗೊತ್ತು
ಯಾರದೋ ಮಗಳಿಗೆ ಗಾದಿ ತಯಾರಾಗಾಕ ಹತ್ಯಾದಂತ.
ಅಕ್ಕ ಅನ್ನಾಕ ಇದಕ್ಕಿಂತ ಚಲೋ ಮಾತು ನನಗ ಹೊಳೀಲಿಲ್ಲ.
ಖರೆ, ವಹಿಯಾಗ ಎರಡೂ ಬರದೆ.
ಅಚಾ ಅನ್ನೋದನ್ನ ಒಂದಿಷ್ಟು ದಪ್ಪ ಬರದೆ,
ಆಕಿಗೆ ಕಾಣೋ ಹಂಗ.

ರಾತ್ರಿ ದಿಂಬಿನ ಹರಿದ ಮೂಲ್ಯಾಗಿಂದ
ಆಕಿ ಚಿಟಿಕಿ ಎಳದ್ಲು: ಪಾಖ್ತಾ.
ನಾ ಎರಡು ಬೆರಳಾಗ ಎಳಿ ಜಗ್ಗಿ ನೋಡಿದೆ. ಗಿಡ್ಡ ಎಳಿ.
ಹೌದು ಅಂತ ತಲಿ ಹಾಕಿದ್ಲು.
ಆಕಿ ಉಗುರಿನ ಬುಡಕ್ಕೂ ಕಾಯಿಸಿಪ್ಪಿ ಗೀರಿದ ಗುರುತು.

ಬಸ್ಸಿನ ಬಾಗಿಲಾಗ ಆಕಿ ಅಂದ್ಲು, ಖೋಶ್.
ಖುಷಿಯಾಗ್ಯಾಳಂತ ನಾನೂ ನಕ್ಕೆ.
ಬಸ್ಸು ತಿರುಗಿದ ಮ್ಯಾಲ ಗೊತ್ತಾತು, ಅದು ವಿದಾಯ.
ನಾ ಅಂದಿದ್ದೆ, ಬರ್ತೀನಿ.
ಹೋಗೋ ಮುಂದ ಬರ್ತೀನಿ ಅನ್ನೋದು
ಆಕಿಗೆ ಯಾರು ಬಿಡಿಸಿ ಹೇಳಬೇಕು?

ಈಗ ತೀನ್ ಕಂದೀಲಿನ ಹಿಂದ, ನಮ್ಮ ಅಂಗಡ್ಯಾಗ,
ಮಷಿನ್ನೇ ಹಿಂಜತದ. ಬಿಲ್ಲು ಮೊಳಿಗಿ ಜೋತದ.
ಮೂಗಿಗೆ ಅರಿವಿ ಕಟಗೊಂಡು ಒಳಗೊಳಗ ಪಾಠ ಒಪ್ಪಿಸ್ತೀನಿ.
ನಮ್ಮ ಹಸನಸಾಬರು ಕೇಳತಾರ, ನೆಗಡಿ ಏನು?

ಆಕಿಗೆ ಮೊಬೈಲಿನಾಗ ಕಳಿಸಿದ್ದೆ,
"ಅಚಾ, ಯಾಖ್ಶಿಮುಸಿಜ್?"
ಹನ್ನೊಂದು ದಿನಕ್ಕ ಜವಾಬು ಬಂತು.
ಮಾನವಿಯ ಗಿರಾಕಿ ದಿಂಬು ಒತ್ತಿ ಒತ್ತಿ ನೋಡಾಕ ಹತ್ತಿದ್ಲು,
ಮಷಿನ್ ಬಂದ್ ಮಾಡಿ ಕಿವಿಗೆ ಹಿಡಿದೆ.
ಸಮುದ್ರದ ಹಕ್ಕಿ ಒದರತಿದ್ವು, ಆಮ್ಯಾಲ ಆಕಿ ದನಿ,
ಒಂದೊಂದೇ ಅಕ್ಷರ ಪಾವಟಿಗಿ ಇಳಿಯೋ ಮುದುಕಿ ಹಂಗ:
"ರೀ ಆರಾಮ. ಚಿಂತಿ... ಬ್ಯಾಡ."

ತಿದ್ದಲಿಲ್ಲ.
ಗಿರಾಕಿಗೆ ಇಪ್ಪತ್ತು ರೂಪಾಯಿ ಬಿಟ್ಟೆ.