ಹಗ್ಗದ ಮೇಲೊಂದು ಕಂಬಳಿ

ಖೋರಿಹಾಸ್ ದಾಟಿ ಜಲ್ಲಿ ದಾರಿ ಎರಡಾಗುವಲ್ಲಿ
ಮೊಪಾನೆ ಮರಕ್ಕೆ ಒರಗಿದ ಹಳೇ ಬಾನೆಟ್ಟು,
ಅದರ ಮೇಲೆ ಸುಣ್ಣದಲ್ಲಿ ಒಂದೇ ಮಾತು: ಟಯರ್.
ಅಲ್ಲಿ ಕೂತಿರುತ್ತಾಳೆ ಎಲ್ಫ್ರೀಡಾ ಗವಾಸೆಸ್,
ಅರ್ಧ ಪೀಪಾಯಿ ನೀರಿನಲ್ಲಿ ಟ್ಯೂಬು ಅದ್ದಿ,
ಗುಳ್ಳೆ ಏಳುವುದನ್ನೇ ಕಾಯುತ್ತ,
ಕಳ್ಳನ ಕಾಯುವ ಬೆಕ್ಕಿನ ಹಾಗೆ.

ಮೊದಲ ಸಲ ಹೋದಾಗ ನನಗೆ ಅವಸರ.
ಹಾಸ್ಟೆಲ್ ಮಕ್ಕಳ ಜೋಳದ ಹಿಟ್ಟು, ಹದಿನೆಂಟು ಮೂಟೆ,
ಹಿಂದಿನ ಟಯರು ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು.
ಗಾಳಿ ಹೊಡಿ ದೊಡ್ಡಮ್ಮ, ಅಂದೆ.
ಅವಳು ಅಂಗೈ ಇಟ್ಟಳು, ಜ್ವರ ನೋಡುವಂತೆ.
"ಕಾದಿದೆ. ಕಾದಾಗ ಟಯರು ಸುಳ್ಳು ಹೇಳುತ್ತೆ,
ಸಿಟ್ಟು ಬಂದವರ ಹಾಗೆ.
ನೆರಳಿಗೆ ಬಾ. ಇಬ್ಬರೂ ತಣ್ಣಗಾಗಿ."

ಒಂದು ಡಾಲರಿನ ನಾಣ್ಯ ತೆಗೆದು
ರಬ್ಬರಿನ ಗೆರೆಯೊಳಗೆ ನಿಲ್ಲಿಸಿದಳು.
ನಾಣ್ಯದ ಹದ್ದು ಹೊರಗೇ ಉಳಿಯಿತು.
"ನೋಡು, ಹಕ್ಕಿಗೆ ಕಾಲು ತೊಳೆಯಲೂ ಆಳವಿಲ್ಲ."
ಸ್ಟೆಪ್ನಿಯೆಲ್ಲಿ? ಗಾಡಿಯ ಅಡಿ, ತುಕ್ಕು ತಿಂದ ಸರಪಳಿಯಲ್ಲಿ.
ಒದ್ದಳು. ಧೊಪ್ ಅಂದಿತು, ಒಳಗೆ ಉಸಿರಿಲ್ಲ.
"ಹೆಣ ಕಟ್ಟಿಕೊಂಡು ತಿರುಗುತ್ತೀಯಲ್ಲೋ!"
ಆರು ಮೂಟೆ ಅಲ್ಲೇ ಇಳಿಸಿಸಿದಳು.
ಆಡುಗಳಿಂದ ಕಾಯುವುದಕ್ಕೆ ಕೂಲಿ, ಒಂದು ಸೇರು ಹಿಟ್ಟು.
ನಟ್ಟುಗಳನ್ನು ಎದುರುಬದುರಾಗಿ ಬಿಗಿದಳು,
ಸಾಲಾಗಿ ಅಲ್ಲ. ಐವತ್ತು ಕಿಲೋಮೀಟರಿಗೆ ಇಳಿದು
ಮತ್ತೆ ಬಿಗಿ ಎಂದಳು. ನಾನು ಇಳಿಯಲಿಲ್ಲ, ಬಿಡಿ.
ಆ ಸಲ ಏನೂ ಆಗಲಿಲ್ಲ.

ಎರಡನೆಯ ಸಲ ಜುಲೈ, ಮುಳುಗುವ ಹೊತ್ತು.
ಫ್ಯಾನ್ ಬೆಲ್ಟ್ ಹರಿದು, ರೇಡಿಯೇಟರ್ ಕುದಿದು,
ಮುಚ್ಚಳ ತಿರುಗಿಸಲು ಕೈ ಚಾಚಿದ್ದೆ.
ಹಿಂದಿನಿಂದ ಒಂದು ಕೂಗು. ಅವಳೇ.
ಮನೆಬಾಗಿಲಿನ ನೀಲಿ ಬಣ್ಣವನ್ನೇ ಬಳಿದ ಅವಳ ಗಾಡಿ.
"ಚರ್ಮ ಬೇಡವಾಗಿದ್ದರೆ ತೆಗಿ."

ಹಗ್ಗ ಕಟ್ಟುವಾಗ ಅವಳ ಮಾತು ಕಡಿಮೆ.
ಬಂಪರಿಗಲ್ಲ, ಚಾಸಿಗೆ.
ಕೀಲಿ ತಿರುಗಿಸಿಡು, ಇಲ್ಲದಿದ್ದರೆ ಸ್ಟೇರಿಂಗ್ ಹಲ್ಲು ಕಚ್ಚುತ್ತೆ.
ಎಂಜಿನ್ ಸತ್ತಿದೆ, ಬ್ರೇಕು ಕಲ್ಲಾಗುತ್ತೆ, ಗಾಬರಿಯಾಗಬೇಡ.
ಹಗ್ಗ ಸಡಿಲವಾಗದಂತೆ ನೋಡಿಕೊ,
ಎಳೆಯುವುದು ನನ್ನ ಕೆಲಸ, ತಡೆಯುವುದು ನಿನ್ನದು.
ನೋಡಲು ಬಂದ ಆಡು ಕಾಯುವ ಹುಡುಗರನ್ನು
ಕಲ್ಲೆಸೆತದಾಚೆ ಅಟ್ಟಿದಳು.

ಕೊನೆಗೆ ಸೀಟಿನ ಹಿಂದಿನಿಂದ ಒಂದು ಕಂಬಳಿ ತೆಗೆದು
ಹಗ್ಗದ ನಡುವೆ ಹೊದಿಸಿದಳು.
ಚಳಿ ಹಗ್ಗಕ್ಕೋ? ಅಂತ ನಕ್ಕೆ.
ಅವಳು ನಗಲಿಲ್ಲ.

ಅವಳು ಹೇಳದ್ದನ್ನು ಊರು ಹೇಳುತ್ತದೆ.
ಅವಳ ತಮ್ಮ ಇಸ್ಮಾಯೆಲ್, ಒಣಗಿದ ಹೊಳೆಯ ಮರಳು,
ಬಿಗಿದ ತಂತಿ, ನಡುವೆ ನಿಂತು ಕೈಬೀಸುತ್ತಿದ್ದವನು.
ತಂತಿ ಹರಿದಾಗ ಸದ್ದು ಆಮೇಲೆ ಬಂತಂತೆ,
ಕೊಕ್ಕೆ ಮೊದಲು.
ಈಗ ಅವನು ಒಂದೇ ಕಣ್ಣಲ್ಲಿ
ಕತ್ತೆಗಾಡಿಗಳ ಬಾರು ಹೊಲಿಯುತ್ತಾನೆ.
ಆ ಗಾಡಿಗಳಿಗೆ ಚಕ್ರ ಅಕ್ಕನ ಅಂಗಡಿಯ ಹಳೇ ಟಯರು.

ನಾಲ್ಕು ತಾಸು, ಮನುಷ್ಯ ನಡೆಯುವುದಕ್ಕಿಂತ ತುಸು ಜೋರು.
ಮುಂದೆ ಅವಳ ಕೆಂಪು ದೀಪ, ಒಂದು ಉರಿಯುವುದು, ಒಂದು ಇಲ್ಲ.
ನಡುವೆ ಕತ್ತಲಲ್ಲಿ ಕಂಬಳಿ ತೂಗುತ್ತಿತ್ತು,
ಯಾರೋ ಜೋಲಿಯಲ್ಲಿ ಮಲಗಿದ ಹಾಗೆ.

ಕಂಬಳಿ ನನ್ನ ಗಾಡಿಯಲ್ಲೇ ಉಳಿದಿತ್ತು.
ಮುಂದಿನ ವಾರ ಒಗೆದು, ಮಡಿಚಿ, ಸೋಪಿನ ವಾಸನೆಯೊಂದಿಗೆ
ಹಿಂತಿರುಗಿಸಲು ಹೋದೆ, ಕೃತಜ್ಞತೆಯ ಮುಖ ಹೊತ್ತು.
ಕೈಯಲ್ಲಿ ತೂಗಿ ನೋಡಿದಳು.
"ಯಾರು ಹೇಳಿದ್ದು ಒಗೆಯಲಿಕ್ಕೆ?
ಏಳು ವರ್ಷದ ಧೂಳು ಅದರಲ್ಲಿ.
ಹರಿದ ಹಗ್ಗವನ್ನು ನೆಲಕ್ಕೆ ಒತ್ತುವುದು ಉಣ್ಣೆಯಲ್ಲ, ಭಾರ."

ದಾರಿಗೆ ಎಸೆದಳು ಅದನ್ನು.
"ತುಳಿ," ಅಂದಳು.
ಹೊತ್ತು ಇಳಿಯುವತನಕ ಅವಳು ಟ್ಯೂಬು ಅದ್ದುತ್ತಿದ್ದಳು,
ನಾನು ತುಳಿಯುತ್ತಿದ್ದೆ.